ಕ್ಯಾಸೆಟ್ಟಿನ ಅಶ್ವಥ್, ಮೈದಾನದ ಅಶ್ವಥ್

ಸಿ. ಅಶ್ವಥ್ ಅವರ ಹಾಡಿನ ವಿಷಯದಲ್ಲಿ ಕನ್ನಡದ ಕೇಳುಗರಿಗೆ ಎರಡು ಮನಸ್ಸು. ಒಂದು ಮನಸ್ಸು 1980ರ ದಶಕದ ಕ್ಯಾಸೆಟ್ಟುಗಳಲ್ಲಿ ನೆಲೆ ನಿಂತಿದೆ. ಅಲ್ಲಿ ಕೇಳುವುದು ತಬಲಾ, ಕೊಳಲು, ಹಾರ್ಮೋನಿಯಂಗಳ ಹಿತಮಿತವಾದ ಜೊತೆಯಲ್ಲಿ ಕವಿತೆಯ ಒಂದೊಂದು ಸಾಲನ್ನೂ ಬಿಡಿಸಿ ಮುಂದಿಡುವ ದನಿ. ಇನ್ನೊಂದು ಮನಸ್ಸಿಗೆ ಅಶ್ವಥ್ ಎಂದರೆ ಎರಡೂ ಕೈ ಮೇಲೆತ್ತಿ, ದೊಡ್ಡ ವಾದ್ಯವೃಂದವನ್ನೂ ಎದುರಿಗಿರುವ ಜನಸಾಗರವನ್ನೂ ಒಟ್ಟಿಗೆ ನಡೆಸುತ್ತಿದ್ದ ವೇದಿಕೆಯ ಗಾಯಕ. ಮೊದಲನೆಯದನ್ನು ಮೆಚ್ಚಿದವರಲ್ಲಿ ಎಷ್ಟೋ ಮಂದಿ ಎರಡನೆಯದನ್ನು ಸಂಕಟದಿಂದ ಕೇಳಿದರು. ಎರಡನೆಯದರಿಂದ ಒಳಬಂದವರಿಗೆ ಮೊದಲನೆಯದು ಮನೆಯ ಹಿರಿಯರ ಸಂಗೀತವಾಗಿ ಕಂಡಿತು. ಹೆಚ್ಚಿನವರಲ್ಲಿ ಈ ಎರಡು ಭಾವಗಳೂ ಒಟ್ಟಿಗೇ ಇದ್ದವು. ಬಸವನಗುಡಿ, ನರಸಿಂಹರಾಜ ಕಾಲೊನಿ, ಜಯನಗರ, ಬನಶಂಕರಿಗಳ ಮಧ್ಯಮವರ್ಗದ ಮನೆಗಳಲ್ಲಿ ಸುಗಮ ಸಂಗೀತ ಬೆಳೆದದ್ದರಿಂದ ಈ ಇಬ್ಬಗೆಯೂ ಬೆಂಗಳೂರಿನ ದಕ್ಷಿಣ ಭಾಗದಲ್ಲೇ ಹೆಚ್ಚು ಎದ್ದು ಕಂಡಿತು.

ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29ರಂದು, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನಲ್ಲಿ ನೌಕರಿಗೆ ಸೇರಿದರು. ಅಲ್ಲಿ 27 ವರ್ಷ ದುಡಿದು 1992ರಲ್ಲಿ ನಿವೃತ್ತರಾದರು. ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತದ ಪಾಠವಾಗಿತ್ತು. ಸುಮಾರು ಮೂರು ದಶಕ ಅವರಿಗೆ ಸಂಗೀತವೆಂಬುದು ಕಾರ್ಖಾನೆಯ ಹೊತ್ತು ಕಳೆದ ಮೇಲಿನ ಕೆಲಸ. ತಿಂಗಳ ಸಂಬಳ ಖಾತ್ರಿಯಿದ್ದವನಿಗೆ ಯಾವ ಕವಿತೆಯನ್ನು ಎತ್ತಿಕೊಳ್ಳಬೇಕು, ಯಾವ ಸಿನಿಮಾವನ್ನು ಬಿಡಬೇಕು ಎಂದು ತಾನೇ ತೀರ್ಮಾನಿಸುವ ಸ್ವಾತಂತ್ರ್ಯ ಇರುತ್ತದೆ. ಅಶ್ವಥ್ ಸಂಗೀತ ನೀಡಿದ ಚಿತ್ರಗಳ ಪಟ್ಟಿಯನ್ನು ನೋಡಿದರೆ ಆ ಸ್ವಾತಂತ್ರ್ಯವನ್ನು ಅವರು ಚೆನ್ನಾಗಿಯೇ ಬಳಸಿಕೊಂಡಂತೆ ತೋರುತ್ತದೆ.

ಅವರ ಸಂಗೀತಕ್ಕೆ ಮೊದಲು ನೆಲೆ ಕೊಟ್ಟದ್ದು ಹವ್ಯಾಸಿ ರಂಗಭೂಮಿ. ಇದನ್ನು ಗಟ್ಟಿಯಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಅವರ ಮೇಲೆ ಬಂದ ದೂರುಗಳೆಲ್ಲ ಇದನ್ನು ಮರೆತು ಹುಟ್ಟಿದವು. ನಾಟಕದ ಹಾಡು ಸಭಾಂಗಣದ ಕಟ್ಟಕಡೆಯ ಸಾಲಿಗೂ ಮುಟ್ಟಬೇಕು. ನಟರೆಲ್ಲ ಗಾಯಕರಲ್ಲವಾದ್ದರಿಂದ ಧಾಟಿ ಸರಳವಾಗಿರಬೇಕು, ಮೇಳಕ್ಕೆ ಒಗ್ಗಬೇಕು. ದೃಶ್ಯದ ಬಿಸಿಯನ್ನು ಎರಡು ಸಾಲಿನೊಳಗೆ ಏರಿಸಬೇಕು. ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ‘ಕಾಕನಕೋಟೆ’ (1977) ಚಿತ್ರದ ಮೂಲಕ ಅಶ್ವಥ್ ಸಿನಿಮಾ ಸಂಗೀತಕ್ಕೆ ಬಂದಾಗ ಈ ಪಾಠಗಳೆಲ್ಲ ಅವರ ಜೊತೆಗೇ ಬಂದವು. ಕಾಡುಕುರುಬರ ಬದುಕಿನ ಆ ಕಥೆಗೆ ಒಂಟಿ ದನಿಗಿಂತ ಗುಂಪಿನ ದನಿಯೇ ಮುಖ್ಯವಾಗಿತ್ತು.

ಆಮೇಲೆ ಎಲ್. ವೈದ್ಯನಾಥನ್ ಅವರೊಡನೆ ‘ಅಶ್ವಥ್-ವೈದಿ’ ಎಂಬ ಜೋಡಿ ಹೆಸರಿನಲ್ಲಿ ಹಲವು ಚಿತ್ರಗಳು ಬಂದವು. ವೈದ್ಯನಾಥನ್ ಪಿಟೀಲಿನ ಮನೆತನದವರು, ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್ ಅವರ ಅಣ್ಣ. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸಂಗೀತದಿಂದ ದೇಶಕ್ಕೆಲ್ಲ ಪರಿಚಿತರು. ‘ಆಲೆಮನೆ’ ಚಿತ್ರಕ್ಕಾಗಿ ದೊಡ್ಡರಂಗೇಗೌಡರು ಬರೆದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ‘ನಮ್ಮೂರ ಮಂದಾರ ಹೂವೆ’ ಈ ಜೋಡಿಯ ಕೊಡುಗೆ. ಆ ಹಾಡಿನ ಪ್ರೀತಿಯಲ್ಲಿ ಬೆಳೆದ ಎಷ್ಟೋ ಜನರಿಗೆ ಅದಕ್ಕೆ ರಾಗ ಹಾಕಿದವರಲ್ಲಿ ಒಬ್ಬರು ಶಿಶುನಾಳ ಷರೀಫರ ತತ್ವಪದಗಳನ್ನು ಹಾಡಿದ ಅಶ್ವಥ್ ಎಂಬುದೇ ತಿಳಿದಿರಲಿಲ್ಲ. ಸಿನಿಮಾದಲ್ಲಿ ಅವರು ತೆರೆಯ ಹಿಂದಿದ್ದರು.

ಮುಂದಕ್ಕೆ ತಂದದ್ದು ಕ್ಯಾಸೆಟ್. ಕನ್ನಡದಲ್ಲಿ ಕವಿತೆಯನ್ನು ಹಾಡುವ ಸಂಪ್ರದಾಯ ಅದಕ್ಕಿಂತ ಹಳೆಯದು. ಪಿ. ಕಾಳಿಂಗರಾಯರು ಊರೂರು ತಿರುಗಿ ಕುವೆಂಪು, ಬೇಂದ್ರೆ ಮೊದಲಾದವರ ಕವಿತೆಗಳನ್ನು ಜನರ ಕಿವಿಗೆ ಮುಟ್ಟಿಸಿದ್ದರು. ಆಕಾಶವಾಣಿ ಅದನ್ನು ಮುಂದುವರಿಸಿತ್ತು. ಆದರೆ ರೇಡಿಯೋದಲ್ಲಿ ಬಂದ ಹಾಡು ಮತ್ತೆ ಯಾವಾಗ ಬರುವುದೋ ಎಂದು ಕಾಯಬೇಕಾಗಿತ್ತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತವಿದ್ದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಅದರ ಯಶಸ್ಸು ಕವಿತೆಗೆ ಮಾರುಕಟ್ಟೆಯಿದೆ ಎಂದು ತೋರಿಸಿಕೊಟ್ಟಿತು. ನಂತರದ ಹದಿನೈದು ವರ್ಷ ಲಹರಿ, ಸಂಗೀತಾ ಮೊದಲಾದ ಕಂಪನಿಗಳು ಭಾವಗೀತೆಯ ಕ್ಯಾಸೆಟ್ಟುಗಳನ್ನು ತರುತ್ತಲೇ ಹೋದವು. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಬಿ.ಆರ್. ಛಾಯಾ, ಮಾಲತಿ ಶರ್ಮಾ ಇವರೆಲ್ಲ ಮನೆಯವರೇ ಆಗಿಬಿಟ್ಟರು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪುಸ್ತಕವಾಗಿ ಬಂದು ಮದುವೆಯ ಉಡುಗೊರೆಯಾಗಿ ಹೆಸರು ಮಾಡಿದ ಕವನ ಸಂಕಲನ. ನಾಲ್ಕು ದಶಕದ ನಂತರ ಅದನ್ನು ಓದಿರದವರ ಬಾಯಲ್ಲೂ ಅದರ ಸಾಲುಗಳು ನಿಂತದ್ದು ಅಶ್ವಥ್ ಹಾಕಿದ ಧಾಟಿಗಳಿಂದ. ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’ ಅವರದೇ ದನಿಯಲ್ಲಿ ಕೇಳಿದವರಿಗೆ ಇವತ್ತಿಗೂ ಬೇರೆ ದನಿಯಲ್ಲಿ ರುಚಿಸುವುದಿಲ್ಲ.

ಕ್ಯಾಸೆಟ್ ಒಂದು ಬಗೆಯ ಕಿವಿಯನ್ನೇ ತಯಾರು ಮಾಡಿತು. ಸ್ಟುಡಿಯೋದಲ್ಲಿ ಮೈಕ್ ಬಾಯಿಗೆ ಗೇಣಿನ ದೂರದಲ್ಲಿರುತ್ತದೆ. ಉಸಿರು, ಸಣ್ಣ ಕಂಪನ, ಒತ್ತಕ್ಷರದ ಮೇಲಿನ ಮಿದು ಒತ್ತಡ ಎಲ್ಲವೂ ದಾಖಲಾಗುತ್ತವೆ. ಕೇಳುವವರು ಅದನ್ನು ಅಡುಗೆಮನೆಯಲ್ಲಿ, ಹಜಾರದಲ್ಲಿ, ರಾತ್ರಿ ಮಲಗುವ ಮೊದಲು ಹತ್ತಾರು ಸಲ ಕೇಳುತ್ತಾರೆ. ಯಾವ ಪದದ ನಂತರ ಕೊಳಲು ಬರುತ್ತದೆ, ಎರಡನೆಯ ಚರಣದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದೂ ಬಾಯಿಪಾಠವಾಗುತ್ತದೆ. ಹೀಗೆ ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಹಾಡಿದ ಒಂದು ರೂಪವೇ ಕವಿತೆಯ ಖಾಯಂ ರೂಪವಾಗಿ ಉಳಿದುಬಿಟ್ಟಿತು. ಗಣೇಶೋತ್ಸವದ ಪೆಂಡಾಲಿನಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಅದೇ ಗಾಯಕ ಅದೇ ಹಾಡನ್ನು ಒಂದು ಮನೆ ಮೇಲಿನ ಶ್ರುತಿಯಲ್ಲಿ ಹಿಡಿದರೆ, ಒಂದು ಸಾಲನ್ನು ನಾಲ್ಕು ಬಾರಿ ಎತ್ತಿ ಎತ್ತಿ ಹಾಡಿದರೆ, ಕ್ಯಾಸೆಟ್‌ನಲ್ಲಿದ್ದ ಹಾಗೆ ಹಾಡಲಿಲ್ಲವಲ್ಲ ಎಂಬ ಮಾತು ಮನೆಗೆ ಹಿಂತಿರುಗುವ ದಾರಿಯಲ್ಲಿ ಬರುತ್ತಿತ್ತು.

ಅನಂತಸ್ವಾಮಿಯವರೊಡನೆ ಹೋಲಿಕೆ ಶುರುವಾದದ್ದೂ ಈ ದಿನಗಳಲ್ಲೇ. ಅನಂತಸ್ವಾಮಿ ಪದವನ್ನು ಮೆಲ್ಲಗೆ ಮುಟ್ಟಿ ಮುಂದೆ ಹೋಗುವವರು. ರಾಜರತ್ನಂ ಅವರ ರತ್ನನ ಪದಗಳಲ್ಲಿ ಕುಡುಕನ ಮಾತಿನ ಲಯ ಕೆಡದಂತೆ ಹಾಡುವುದು ಅವರಿಗೆ ಸಿದ್ಧಿಸಿತ್ತು. ಅಶ್ವಥ್ ಪದವನ್ನು ಹಿಡಿದು ಅದರ ಒಳಗಿನ ನಾಟಕವನ್ನು ಹೊರಗೆಳೆಯುವವರು. ತಾರಸ್ಥಾಯಿಗೆ ಏರುವುದು, ಏರಿದಲ್ಲಿ ನಿಲ್ಲುವುದು, ಒಮ್ಮೆಲೇ ಪಿಸುಮಾತಿಗೆ ಇಳಿಯುವುದು ಅವರ ವೈಖರಿ. ಒಬ್ಬರನ್ನು ಮೆಚ್ಚಿದವರು ಇನ್ನೊಬ್ಬರನ್ನು ಅಲ್ಲಗಳೆಯಬೇಕಾದ ಕಾರಣವಿರಲಿಲ್ಲ; ಆದರೂ ಎರಡು ಬಣಗಳಾದವು. 1995ರಲ್ಲಿ ಅನಂತಸ್ವಾಮಿ ತೀರಿಕೊಂಡ ಮೇಲೆ ಬಣಗಳ ನಡುವಿನ ಗೆರೆ ಇನ್ನಷ್ಟು ಗಾಢವಾಯಿತು.

ಅಶ್ವಥ್ ಅವರ ನಾದದಲ್ಲಿ ಎಲ್ಲರಿಗೂ ಎದ್ದು ಕಾಣುವಂಥ ಬದಲಾವಣೆ ತಂದವರು ಶಿಶುನಾಳ ಷರೀಫರು (1819–1889). ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದ ಈ ಸಂತ ಕಳಸದ ಗೋವಿಂದ ಭಟ್ಟರ ಶಿಷ್ಯ. ಅವರ ತತ್ವಪದಗಳು ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಭಜನೆಯ ಮೇಳಗಳಲ್ಲಿ ಬದುಕಿದ್ದವು. ಬೆಂಗಳೂರು, ಮೈಸೂರಿನ ಕೇಳುಗರಿಗೆ ಅವು ಮನೆಮಾತಾದದ್ದು ಶಿವಮೊಗ್ಗ ಸುಬ್ಬಣ್ಣ ಮತ್ತು ಅಶ್ವಥ್ ಅವರ ಹಾಡುಗಾರಿಕೆಯಿಂದ. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಷರೀಫ’ ಬಂತು. ತೆರೆಯ ಮೇಲೆ ಷರೀಫರಾಗಿ ಶ್ರೀಧರ್, ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡ. ಷರೀಫರ ಹಾಡಿನ ದನಿ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಸಂದಿತು. ಷರೀಫರ ಪದದಲ್ಲಿ ಮೃದುವಾಗಿ ಹಾಡುವುದಕ್ಕಿಂತ ಕೂಗಿ ಕರೆಯುವುದು, ಕೆಣಕುವುದು, ಎಚ್ಚರಿಸುವುದು ಹೆಚ್ಚು. ಮೇಳದವರು ಹಿಂದಿನಿಂದ ಎತ್ತಿಕೊಳ್ಳಲೆಂದೇ ಪಲ್ಲವಿ ಇರುತ್ತದೆ. ರಂಗಭೂಮಿಯಿಂದ ಬಂದ ಅಶ್ವಥ್ ಅವರ ಕಂಠಕ್ಕೆ ಇದು ತವರಿಗೆ ಮರಳಿದಂತೆ ಒಗ್ಗಿತು.

ಅದೇ ನಾಗಾಭರಣರ ‘ಮೈಸೂರ ಮಲ್ಲಿಗೆ’ (1992) ಚಿತ್ರಕ್ಕೂ ಅಶ್ವಥ್ ಸಂಗೀತವಿತ್ತರು. ಆ ಚಿತ್ರದ ಗೀತೆಗಾಗಿ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ‘ಚಿನ್ನಾರಿ ಮುತ್ತ’ (1993) ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡುಗಳೊಂದಿಗೆ ಮಕ್ಕಳ ಬಾಯಿಗೆ ಬಂತು. ‘ನಾಗಮಂಡಲ’ (1997) ಗೋಪಾಲ ಯಾಜ್ಞಿಕರ ಸಾಹಿತ್ಯವನ್ನು ಉತ್ತರ ಕರ್ನಾಟಕದ ಜನಪದ ಮಟ್ಟುಗಳಲ್ಲಿ ತೊಯ್ಯಿಸಿತು. ಸಂಗೀತಾ ಕಟ್ಟಿ ಅವರಂಥ ಉತ್ತರದ ಕಂಠಗಳನ್ನು ಅಶ್ವಥ್ ಅಲ್ಲಿ ಮುಂದಿಟ್ಟರು. ಮೂರು ಚಿತ್ರಗಳಲ್ಲಿ ಮೂರು ಬೇರೆ ಬೇರೆ ನಾದ. ಹೀಗೆ ಬದಲಾಗುತ್ತಿದ್ದವರನ್ನು ಒಂದೇ ಕ್ಯಾಸೆಟ್ಟಿನ ಒಂದೇ ದನಿಗೆ ಕಟ್ಟಿಹಾಕುವುದು ಕೇಳುಗರ ಆಸೆಯೇ ಹೊರತು ಅವರ ಸಂಗೀತದ ನಡೆ ಆಗಿರಲಿಲ್ಲ.

2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಯಿತು. ಹೆಸರು ಕುವೆಂಪು ಅವರ ಕವಿತೆಯಿಂದ ಬಂದದ್ದು. ಸಿನಿಮಾ ತಾರೆಯರನ್ನು ನೆಚ್ಚಿಕೊಳ್ಳದೆ, ಕನ್ನಡ ಕವಿತೆಗಳ ಗಾಯನವನ್ನೇ ಮುಖ್ಯವಾಗಿಟ್ಟುಕೊಂಡ ಕಾರ್ಯಕ್ರಮಕ್ಕೆ ಲಕ್ಷದ ಲೆಕ್ಕದಲ್ಲಿ ಜನ ಸೇರಿದರೆಂದು ಅಂದಿನ ವರದಿಗಳು ಹೇಳಿದವು. ಸುಗಮ ಸಂಗೀತಕ್ಕೆ ಅಲ್ಲಿಯವರೆಗೆ ಬೆಂಗಳೂರು ಕೊಟ್ಟಿದ್ದ ಜಾಗ ರವೀಂದ್ರ ಕಲಾಕ್ಷೇತ್ರ, ಕಾಲೇಜಿನ ಸಭಾಂಗಣ, ಬಡಾವಣೆಯ ರಾಮನವಮಿ ಚಪ್ಪರ. ಅಲ್ಲಿಂದ ಒಮ್ಮೆಲೇ ಅರಮನೆ ಮೈದಾನಕ್ಕೆ ಹೋದದ್ದು ಎಲ್ಲರನ್ನೂ ಬೆರಗುಗೊಳಿಸಿತು. ಐಟಿ ಉದ್ಯಮ ನಗರದ ಭಾಷೆಯನ್ನು ಬದಲಿಸುತ್ತಿದ್ದ ವರ್ಷಗಳವು. ಬಿಟಿಎಂ ಲೇಔಟ್, ಜೆ.ಪಿ. ನಗರದಂಥ ಬಡಾವಣೆಗಳಲ್ಲಿ ಹೊರಗಿನಿಂದ ಬಂದವರ ಸಂಖ್ಯೆ ಬೆಳೆಯುತ್ತಿತ್ತು. ಕನ್ನಡಿಗರಿಗೆ ತಮ್ಮೂರಿನಲ್ಲಿ ತಾವು ಕಡಿಮೆಯಾಗುತ್ತಿದ್ದೇವೆ ಎಂಬ ಅಳುಕಿತ್ತು. ಆ ಹೊತ್ತಿನಲ್ಲಿ ಅಷ್ಟೊಂದು ಜನ ಒಂದೇ ಮೈದಾನದಲ್ಲಿ ಕುವೆಂಪು, ಬೇಂದ್ರೆ, ಷರೀಫರನ್ನು ಕೇಳಿದ್ದು, ಜೊತೆಗೂಡಿ ಹಾಡಿದ್ದು ಸಂಗೀತ ಕಛೇರಿಯ ಮಿತಿಯನ್ನು ಮೀರಿದ ಅನುಭವ. ಅಲ್ಲಿಗೆ ಹೋಗಿಬಂದವರು ಇಂದಿಗೂ ಅದನ್ನು ಹೆಮ್ಮೆಯಿಂದ ಹೇಳುವುದರಲ್ಲಿ ಅರ್ಥವಿದೆ.

ಹೆಮ್ಮೆಯ ಜೊತೆಗೆ ಕಸಿವಿಸಿಯೂ ಬಂತು. ಅದಕ್ಕೆ ಕಾರಣಗಳನ್ನು ಗಾಯಕನ ಮನೋಭಾವದಲ್ಲಿ ಹುಡುಕುವ ಮೊದಲು ಮೈದಾನದ ಧ್ವನಿಯನ್ನೇ ನೋಡಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ ನೂರು ಮೀಟರ್ ದೂರದಲ್ಲಿ ನಿಂತವನಿಗೆ ಅಲ್ಲಿನ ಸ್ಪೀಕರಿನ ದನಿ ಹೆಚ್ಚುಕಡಿಮೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ಮುಟ್ಟುತ್ತದೆ. ಹಿಂದಿನ ಗುಂಪಿನ ಚಪ್ಪಾಳೆ ಮುಂದಿನವರ ತಾಳಕ್ಕೆ ಕೂಡುವುದಿಲ್ಲ. ಬೇರೆ ಬೇರೆ ಸ್ಪೀಕರುಗಳಿಂದ ಬರುವ ದನಿ ಒಂದರ ಮೇಲೊಂದು ಬಿದ್ದು ವ್ಯಂಜನಗಳು ಕಲಸಿಹೋಗುತ್ತವೆ. ದೀರ್ಘಸ್ವರ ಮಾತ್ರ ಉಳಿಯುತ್ತದೆ. ಇಂಥ ಕಡೆ ಹಾಡುವವನು ಲಯವನ್ನು ಬಿಗಿ ಮಾಡಲೇಬೇಕು, ಡ್ರಮ್ಮು ಕೀಬೋರ್ಡುಗಳ ಆಸರೆ ಪಡೆಯಲೇಬೇಕು, ಪಲ್ಲವಿಯನ್ನು ಮತ್ತೆ ಮತ್ತೆ ತರಲೇಬೇಕು, ಸಹಗಾಯಕರ ದೊಡ್ಡ ಗುಂಪನ್ನು ಕಟ್ಟಲೇಬೇಕು. ಸ್ಟುಡಿಯೋದ ಸೂಕ್ಷ್ಮವನ್ನು ಮೈದಾನದಲ್ಲಿ ತೋರಿಸಹೊರಟರೆ ಹತ್ತನೆಯ ಸಾಲಿನಾಚೆ ಯಾರಿಗೂ ಏನೂ ಮುಟ್ಟದು.

ಇದರ ಪರಿಣಾಮ ಎಲ್ಲ ಕವಿಗಳ ಮೇಲೂ ಒಂದೇ ಸಮನಾಗಿರಲಿಲ್ಲ. ಕುವೆಂಪು ಅವರ ನಾಡಗೀತೆಗಳು ಕರೆಯುವ ಕವಿತೆಗಳು. ಉದ್ದ ಸಮಾಸಗಳಿಂದ, ಸಂಬೋಧನೆಗಳಿಂದ ತುಂಬಿದವು. ಸಾವಿರ ಕಂಠ ಸೇರಿದಷ್ಟೂ ಅವು ಬೆಳೆಯುತ್ತವೆ. ಷರೀಫರ ಪದಗಳು ಮೇಳಕ್ಕೆಂದೇ ಹುಟ್ಟಿದವು. ಬೇಂದ್ರೆಯವರ ಶ್ರಾವಣದ ಕವಿತೆಗಳಲ್ಲಿ ಕುಣಿತದ ಗತ್ತು ಮೊದಲೇ ಇದೆ. ಸೋತವರು ನರಸಿಂಹಸ್ವಾಮಿ. ‘ರಾಯರು ಬಂದರು ಮಾವನ ಮನೆಗೆ’ ಒಂದು ಮನೆಯೊಳಗೆ ನಡೆಯುವ ಸಣ್ಣ ಕಥೆ. ಅದರ ಸೊಗಸು ಒಂದೊಂದು ಚಿಕ್ಕ ವಿವರದಲ್ಲಿ, ಹೇಳದೆ ಬಿಟ್ಟದ್ದರಲ್ಲಿ, ಕೊನೆಯವರೆಗೆ ಕಾಯಿಸುವುದರಲ್ಲಿದೆ. ಅದನ್ನು ದೊಡ್ಡ ಮೈದಾನದ ಶ್ರುತಿಗೆ ಏರಿಸಿದರೆ ಹಾಡು ಮುಟ್ಟುತ್ತದೆ, ಕಥೆ ಹಿಂದುಳಿಯುತ್ತದೆ. ಶಿವರುದ್ರಪ್ಪನವರ ಒಳಮುಖದ ಕವಿತೆಗಳಿಗೂ ಇದೇ ಮಾತು ಹೊಂದುತ್ತದೆ. ಅಶ್ವಥ್ ಕೆಟ್ಟರು ಎಂದವರು ಮತ್ತು ಅಶ್ವಥ್ ಬೆಳೆದರು ಎಂದವರು ಬಹಳ ಸಲ ಬೇರೆ ಬೇರೆ ಕವಿಗಳ ಹಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದರು. ಅದಕ್ಕೇ ಆ ವಾದ ಎಂದೂ ಮುಗಿಯಲಿಲ್ಲ.

ಇನ್ನೊಂದು ದೂರು ಕೊಂಚ ಬೇರೆ ಜಾತಿಯದು. ಗಾಯಕ ಕವಿಗಿಂತ ದೊಡ್ಡವನಾದ ಎಂಬುದು ಅದರ ತಿರುಳು. ಸಾಲನ್ನು ಪುನರಾವರ್ತಿಸುವುದು, ನಡುವೆ ಕೈಯೆತ್ತಿ ಜನರನ್ನು ಹಾಡಲು ಹುರಿದುಂಬಿಸುವುದು, ಮುಖದಲ್ಲಿ ಇಡೀ ಭಾವವನ್ನು ಅಭಿನಯಿಸುವುದು ಕವಿತೆಯಿಂದ ಗಮನವನ್ನು ಕದಿಯುತ್ತದೆ ಎಂದು ಓದುಗ ಸಮುದಾಯದ ಕೆಲವರು ಮುನಿಸಿಕೊಂಡರು. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಹಾಡು ಬಹುಮಟ್ಟಿಗೆ ಹಾಡುವವರದೇ ಸ್ವತ್ತು. ಅವರು ಬದಲಾದರೆ ಅಭಿಮಾನಿ ಅವರ ಹಳೆಯ ದನಿಗಾಗಿ ಮಾತ್ರ ಹಂಬಲಿಸುತ್ತಾನೆ. ಕನ್ನಡದ ಸುಗಮ ಸಂಗೀತದಲ್ಲಿ ಸಾಹಿತ್ಯ ಮೊದಲೇ ಪಠ್ಯಪುಸ್ತಕದಲ್ಲಿದೆ, ಓದುಗನ ನೆನಪಿನಲ್ಲಿದೆ. ಆದ್ದರಿಂದ ಇಲ್ಲಿನ ಕೇಳುಗ ಗಾಯಕನನ್ನು ಅವನ ಹಿಂದಿನ ಹಾಡಿನೊಂದಿಗೂ ಕವಿತೆಯೊಂದಿಗೂ ಎರಡೆರಡು ಸಲ ಹೋಲಿಸಿ ನೋಡುತ್ತಾನೆ. ಈ ದೂರಿನಲ್ಲಿ ನ್ಯಾಯವಿದೆ. ಆದರೆ ಅದೇ ಅಭಿನಯ, ಅದೇ ಪುನರಾವರ್ತನೆ ಇಲ್ಲದಿದ್ದರೆ ಬೇಂದ್ರೆಯವರ ಹೆಸರನ್ನೂ ಕೇಳಿರದ ಹುಡುಗರು ಅವರ ಕವಿತೆಯನ್ನು ಗುನುಗುತ್ತ ಮನೆಗೆ ಹೋಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇಂಥ ಮುನಿಸು ಬೇರೆ ಕಡೆಯೂ ಆಗಿದೆ. ಬಾಬ್ ಡಿಲನ್ 1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬ್ಯಾಂಡಿನೊಡನೆ ಹಾಡಿದಾಗ ಸಭೆಯ ಒಂದು ಭಾಗ ಗದ್ದಲವೆಬ್ಬಿಸಿತು. ಮರುವರ್ಷ ಮ್ಯಾಂಚೆಸ್ಟರಿನಲ್ಲಿ ಒಬ್ಬ ಕೇಳುಗ ಅವರನ್ನು ಜುದಾಸ್ ಎಂದು ಕೂಗಿ ಕರೆದ. ಕನ್ನಡದ ಪ್ರಸಂಗಕ್ಕೆ ಇದಕ್ಕಿಂತ ಹತ್ತಿರವಾದದ್ದು ಬಂಗಾಳದ ದೇವಬ್ರತ ಬಿಸ್ವಾಸ್ ಅವರ ಕಥೆ. ರವೀಂದ್ರರ ಹಾಡುಗಳನ್ನು ತುಂಬುಕಂಠದಿಂದ, ಹೆಚ್ಚು ವಾದ್ಯಗಳೊಂದಿಗೆ ಹಾಡಿದ ಅವರ ಧ್ವನಿಮುದ್ರಣಗಳಿಗೆ ವಿಶ್ವಭಾರತಿಯ ಸಂಗೀತ ಮಂಡಳಿ ಆಕ್ಷೇಪ ತೆಗೆಯಿತು. ನೊಂದ ಅವರು ರವೀಂದ್ರ ಸಂಗೀತದ ಧ್ವನಿಮುದ್ರಣವನ್ನೇ ನಿಲ್ಲಿಸಿದರು. ರವೀಂದ್ರರ ಕೃತಿಗಳ ಹಕ್ಕುಸ್ವಾಮ್ಯ 2001ರಲ್ಲಿ ಮುಗಿಯುವವರೆಗೂ ಆ ಮಂಡಳಿಯ ಒಪ್ಪಿಗೆ ಬೇಕಾಗಿತ್ತು. ಕನ್ನಡದಲ್ಲಿ ಅಂಥ ಮಂಡಳಿ ಇರಲಿಲ್ಲ. ಕುವೆಂಪು ಕವಿತೆಗೆ ಯಾರು ಬೇಕಾದರೂ ರಾಗ ಹಾಕಬಹುದಿತ್ತು. ಒಂದೇ ಕವಿತೆಗೆ ನಾಲ್ಕು ಧಾಟಿ ಇರುವುದು ಇಲ್ಲಿ ಸಾಮಾನ್ಯ, ಮತ್ತು ಅದು ಈ ಸಂಪ್ರದಾಯದ ಸಿರಿ.

ಆ ಸಿರಿಯೇ ಒಂದು ಕವಿತೆಯ ವಿಷಯದಲ್ಲಿ ತೊಡಕಾಯಿತು. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಯನ್ನು ಕರ್ನಾಟಕ ಸರ್ಕಾರ 2004ರ ಜನವರಿ 6ರಂದು ನಾಡಗೀತೆಯಾಗಿ ಘೋಷಿಸಿತು. ಸಾಹಿತ್ಯ ನಿರ್ಧಾರವಾಯಿತು, ಧಾಟಿ ಆಗಲಿಲ್ಲ. ಅನಂತಸ್ವಾಮಿಯವರ ಧಾಟಿ ಬಹು ಹಿಂದಿನಿಂದ ಬಳಕೆಯಲ್ಲಿತ್ತು. ಅಶ್ವಥ್ ಅವರ ಧಾಟಿ ವೇದಿಕೆಗಳಲ್ಲಿ ಜನಪ್ರಿಯವಾಗಿತ್ತು. ಶಾಲೆಯ ಪ್ರಾರ್ಥನೆಯಲ್ಲಿ, ಸರ್ಕಾರಿ ಸಮಾರಂಭದಲ್ಲಿ ಒಬ್ಬೊಬ್ಬರು ಒಂದೊಂದನ್ನು ಹಾಡುತ್ತಿದ್ದರು. ಪೂರ್ತಿ ಹಾಡಲು ಹಿಡಿಯುತ್ತಿದ್ದ ಸಮಯದ ಬಗ್ಗೆಯೂ ತಕರಾರು, ಯಾವ ಸಾಲು ಬಿಡಬೇಕೆಂಬುದರ ಬಗ್ಗೆಯೂ ತಕರಾರು. ಒಂದರ ಹಿಂದೊಂದು ಸಮಿತಿ ಬಂತು. ಕೊನೆಗೆ ಹಿರಿಯ ಗಾಯಕಿ ಎಚ್.ಆರ್. ಲೀಲಾವತಿಯವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಮತ್ತು ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ನಾಡಗೀತೆಯನ್ನು ಹಾಡಿ ಮುಗಿಸಬೇಕೆಂದಾಯಿತು.

ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಇದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅನಂತಸ್ವಾಮಿಯವರು ಇಡೀ ಗೀತೆಗೆ ರಾಗ ಹಾಕಿರಲಿಲ್ಲ, ಅಶ್ವಥ್ ಹಾಕಿದ್ದರು ಎಂಬುದು ಅವರ ವಾದಗಳಲ್ಲೊಂದು. 2024ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ನಾಡಗೀತೆಯ ಸ್ಥಾನಕ್ಕೆ ಅನಂತಸ್ವಾಮಿಯವರ ಧಾಟಿ ಸರಿಯಾದ ಆಯ್ಕೆಯೇ. ದಿನವೂ ಬೆಳಿಗ್ಗೆ ಸಂಗೀತ ಕಲಿಯದ ಮಕ್ಕಳು, ಮೇಷ್ಟ್ರುಗಳು ವಾದ್ಯವಿಲ್ಲದೆ ಹಾಡಬೇಕಾದ ಗೀತೆಗೆ ಅದರ ಹದವಾದ ಏರಿಳಿತ ಸಲೀಸು. ಅಶ್ವಥ್ ಧಾಟಿಗೆ ಸಿದ್ಧಪಡಿಸಿದ ಕಂಠ ಬೇಕು, ಮೇಳ ಬೇಕು, ವೇದಿಕೆ ಬೇಕು. ಆದರೆ ಈ ವ್ಯಾಜ್ಯ ಎರಡು ದಶಕ ಎಳೆದದ್ದರಿಂದ ಹಿರಿಯರಿಬ್ಬರ ಅಭಿಮಾನಿಗಳು ಒಬ್ಬರ ಮೇಲೊಬ್ಬರು ಹಗೆಯಂತೆ ಮಾತಾಡುವ ಹಾಗಾಯಿತು. ಒಂದೇ ಪೀಳಿಗೆಯಲ್ಲಿ, ಒಂದೇ ಕವಿಗಳ ಮೇಲಿನ ಪ್ರೀತಿಯಿಂದ ಹಾಡಿದ ಇಬ್ಬರಿಗೆ ಅದು ಸಲ್ಲಬೇಕಾದ ಮರ್ಯಾದೆಯಾಗಿರಲಿಲ್ಲ.

ಆ ಹೊತ್ತಿಗೆ ಇಬ್ಬರೂ ಇರಲಿಲ್ಲ. 2009ರ ಜನವರಿಯಲ್ಲಿ ಅನಂತಸ್ವಾಮಿಯವರ ಮಗ ರಾಜು ಅನಂತಸ್ವಾಮಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಅದೇ ವರ್ಷದ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಅಶ್ವಥ್ ಬೆಂಗಳೂರಿನಲ್ಲಿ ನಿಧನರಾದರು. ಮರುದಿನ ನಟ ವಿಷ್ಣುವರ್ಧನ್ ಹೋದರು. ಅವರ ಪಾರ್ಥಿವ ಶರೀರವನ್ನಿಟ್ಟಿದ್ದ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದತ್ತ ಊರಿಗೆ ಊರೇ ಹರಿಯಿತು. ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿಯಾಗಿದ್ದ ಗಾಯಕನ ಅಗಲಿಕೆಗೆ ಪತ್ರಿಕೆಗಳಲ್ಲಿ, ಜನರ ಮನಸ್ಸಿನಲ್ಲಿ ಸಿಗಬೇಕಾದ ದಿನಗಳು ಸಿಗದೆ ಹೋದವು. ನರಸಿಂಹರಾಜ ಕಾಲೊನಿಯಲ್ಲಿ ಇಂದು ಅವರ ಹೆಸರಿನ ಡಾ. ಸಿ. ಅಶ್ವಥ್ ಕಲಾಭವನವಿದೆ, ನಾಟಕ, ಸಂಗೀತ, ಪುಸ್ತಕ ಬಿಡುಗಡೆಗಳಿಂದ ಬಳಕೆಯಲ್ಲಿದೆ.

ಅವರ ಕೊನೆಯ ದಿನಗಳ ಹೊತ್ತಿಗೇ ಷರೀಫರ ಪದಗಳು ಇನ್ನೊಂದು ತಿರುವು ತೆಗೆದುಕೊಂಡಿದ್ದವು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ‘ಗುಡುಗುಡಿಯ ಸೇದಿ ನೋಡೊ’, ‘ಸೋರುತಿಹುದು ಮನೆಯ ಮಾಳಿಗಿ’ ಪದಗಳನ್ನು ಗಿಟಾರ್, ಬಾಸ್, ಡ್ರಮ್ಸ್ ಇರುವ ಬ್ಯಾಂಡಿನೊಂದಿಗೆ ಹಾಡಿದರು. 2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲಿ ‘ಲೋಕದ ಕಾಳಜಿ’ ಬಂತು. ಲುಂಗಿ, ಗೆಜ್ಜೆ ತೊಟ್ಟ ಈ ತಂಡ 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿತು. ಇಲ್ಲೂ ಹಳೆಯ ತಕರಾರು ಎದ್ದಿತು: ತತ್ವಪದ ಕುಣಿಸುವ ಹಾಡಾಯಿತು, ವೈರಾಗ್ಯದ ಜಾಗದಲ್ಲಿ ಸಂಭ್ರಮ ಬಂತು. ವಿಶೇಷವೆಂದರೆ ಈ ಸಲ ಆಕ್ಷೇಪಿಸಿದವರಿಗೆ ಅಳತೆಗೋಲಾಗಿ ಸಿಕ್ಕಿದ್ದು ಅಶ್ವಥ್. ಇಪ್ಪತ್ತು ವರ್ಷದ ಹಿಂದೆ ಏರುದನಿಯೆಂದು ದೂರಿಸಿಕೊಂಡ ಅವರ ಷರೀಫರ ಹಾಡುಗಳೇ ಈಗ ಸಂಪ್ರದಾಯದ ಪ್ರಮಾಣವಾಗಿದ್ದವು. ಅಶ್ವಥ್‌ಗೂ ಮುಂಚೆ ಆ ಪದಗಳನ್ನು ಹಾಡುತ್ತಿದ್ದ ಭಜನಾ ಮೇಳದವರಿಗೆ ಈ ಇಬ್ಬರ ರೂಪವೂ ಪಟ್ಟಣದ ರೂಪವೇ.

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಸುಗಮ ಸಂಗೀತ ತರಗತಿಗಳಲ್ಲಿ ಇಂದು ಕಲಿಸುವುದು ಹೆಚ್ಚಾಗಿ ಕ್ಯಾಸೆಟ್ಟಿನ ಅಶ್ವಥ್ ಅವರನ್ನು. ಮಕ್ಕಳು ‘ಕಾಣದ ಕಡಲಿಗೆ’ಯನ್ನು ಮೂಲ ಮುದ್ರಣದ ಗಮಕಗಳೊಂದಿಗೆ ಒಪ್ಪಿಸುತ್ತಾರೆ, ತೀರ್ಪುಗಾರರೂ ಅದನ್ನೇ ನಿರೀಕ್ಷಿಸುತ್ತಾರೆ. ರಾಜ್ಯೋತ್ಸವದ ತಿಂಗಳಲ್ಲಿ ಅದೇ ಬಡಾವಣೆಗಳ ಮೈದಾನದ ವೇದಿಕೆಗಳಲ್ಲಿ ಕೇಳಿಬರುವುದು ಇನ್ನೊಬ್ಬ ಅಶ್ವಥ್: ರಿದಂ ಪ್ಯಾಡು, ಕೀಬೋರ್ಡು, ಹಿಂದೆ ನಿಂತ ಸಹಗಾಯಕರ ಸಾಲು, ಜನರತ್ತ ಚಾಚಿದ ಕೈ. ಫೋನಿನಲ್ಲಿ ಹಾಡು ಹುಡುಕುವ ಹೊಸ ಕೇಳುಗರಿಗೆ ಈ ಎರಡೂ ಒಂದರ ಪಕ್ಕ ಒಂದು ಸಿಗುತ್ತವೆ, ವರ್ಷಗಳ ಕ್ರಮವಿಲ್ಲದೆ. ಅವರಲ್ಲಿ ಹಲವರು ರಘು ದೀಕ್ಷಿತ್ ಅವರ ‘ಲೋಕದ ಕಾಳಜಿ’ಯಿಂದ ಹಿಂದಕ್ಕೆ ನಡೆದು 1990ರ ಚಿತ್ರದ ಹಾಡುಗಳಿಗೂ, ಅಲ್ಲಿಂದ ಇನ್ನೂ ಹಿಂದಕ್ಕೆ ‘ಮೈಸೂರ ಮಲ್ಲಿಗೆ’ಯ ಕ್ಯಾಸೆಟ್ಟಿಗೂ ಬರುತ್ತಾರೆ. ಅವರಿಗೆ ಅಶ್ವಥ್ ಬದಲಾದವರಾಗಿ ಕಾಣುವುದು ಕಡಿಮೆ. ಮೈದಾನದಲ್ಲಿ ಕೇಳಿದ ಏರುದನಿ ‘ಕಾಕನಕೋಟೆ’ಯ ಗುಂಪಿನ ಹಾಡುಗಳಲ್ಲೇ ಅವರಿಗೆ ಎದುರಾಗುತ್ತದೆ.